ಏರಿನ ಬೀದಿಗೆ ನೀರು ಏಕೆ ಹತ್ತುವುದಿಲ್ಲ

(ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಉಪಯೋಗಕ್ಕೆ ಬರುವುದನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಘದವರು ಆಹ್ವಾನದ ಜೊತೆಗೆ, ನೀರಿನ ಕಚೇರಿಗೆ ತಾವು ಕೊಟ್ಟ ಅರ್ಜಿಯ ಪ್ರತಿಯನ್ನೂ ನನಗೆ ಕಳುಹಿಸಿದ್ದರು. ‘ನಮ್ಮ ಬೀದಿಗಳಿಗೆ ನೀರು ಸಣ್ಣಗೆ ಬರುತ್ತಿದೆ, ದಯವಿಟ್ಟು ಒತ್ತಡ ಹೆಚ್ಚಿಸಿಕೊಡಬೇಕು’ ಎಂದು ಅದರಲ್ಲಿದೆ. ನೀರು ಸರಬರಾಜಿನಲ್ಲಿ ಕೆಲಸ ಮಾಡುತ್ತಿದ್ದಾಗ ಇಂಥ ಅರ್ಜಿಗಳನ್ನು ರಾಶಿಗಟ್ಟಲೆ ಓದಿದ್ದೇನೆ. ‘ನಮ್ಮ ಬೀದಿಯ ಒತ್ತಡ ಕಡಿಮೆ ಮಾಡಿ’ ಎಂದು ಬರೆದವರನ್ನು ಮಾತ್ರ ಕಂಡಿಲ್ಲ. ಇವತ್ತು ನಾನು ಬಂದಿರುವುದು ಯಾರೂ ಬರೆಯದ ಆ ಅರ್ಜಿಯ ಪರವಾಗಿ ವಾದಿಸಲು. ಎತ್ತರದಲ್ಲಿರುವ ಬೀದಿಗೆ ನೀರು ಹತ್ತಬೇಕಾದರೆ, ಬಹಳಷ್ಟು ಕಡೆ ಮೊದಲು ಮಾಡಬೇಕಾದ ಕೆಲಸ ತಗ್ಗಿನ ಬೀದಿಯ ಒತ್ತಡ ಇಳಿಸುವುದು. ಹೊಸ ಪಂಪು, ದೊಡ್ಡ ಟ್ಯಾಂಕು, ಇನ್ನೊಂದು ಹಂತದ ಕಾವೇರಿ, ಇವೆಲ್ಲ ಅದರ ನಂತರದ ಮಾತು.

ನೀರಿನವರು ಒತ್ತಡವನ್ನು ಮೀಟರಿನಲ್ಲಿ ಹೇಳುತ್ತಾರೆ. ಹತ್ತು ಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಭಾರ ಹಾಕುತ್ತದೆ. ಪ್ಲಂಬರುಗಳು ‘ಎರಡು ಕೆಜಿ ಪ್ರೆಶರ್ ಇದೆ’ ಎಂದರೆ, ಅಲ್ಲಿಂದ ಇಪ್ಪತ್ತು ಮೀಟರ್ ಮೇಲಕ್ಕೆ ನೀರು ತಾನಾಗಿ ಏರಬಲ್ಲದು ಎಂದೇ ಅರ್ಥ. ಕಂಬ ದಪ್ಪವೋ ತೆಳುವೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮನೆಯ ಮೇಲೆ ಐನೂರು ಲೀಟರಿನ ಟ್ಯಾಂಕಿನ ಜಾಗದಲ್ಲಿ ಎರಡು ಸಾವಿರ ಲೀಟರಿನದನ್ನು ಇಟ್ಟರೂ, ನೀರಿನ ಮಟ್ಟ ಒಂದೇ ಆಗಿದ್ದರೆ ಬಚ್ಚಲಿನ ಶವರ್ ಮೊದಲಿನಂತೆಯೇ ಬರುತ್ತದೆ. ಅದೇ ಹಳೆಯ ಟ್ಯಾಂಕನ್ನು ಎರಡು ಮೀಟರ್ ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿ, ವ್ಯತ್ಯಾಸ ತಿಳಿಯುತ್ತದೆ.

ಹಾಗಾದರೆ ಒಂದು ಮನೆಗೆ ಎಷ್ಟು ಒತ್ತಡ ಬೇಕು? ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿಯ 1999ರ ಆವೃತ್ತಿ ಇದಕ್ಕೆ ನೇರವಾಗಿ ಉತ್ತರ ಕೊಟ್ಟಿತ್ತು. ಬೀದಿಯ ಕೊಳವೆಯಿಂದ ಮನೆಗೆ ಸಂಪರ್ಕ ತೆಗೆದುಕೊಳ್ಳುವ ಜಾಗದಲ್ಲಿ, ನೆಲಮಹಡಿಯ ಮನೆಗೆ 7 ಮೀಟರ್, ಎರಡು ಅಂತಸ್ತಿಗೆ 12, ಮೂರು ಅಂತಸ್ತಿಗೆ 17. ಇದು ಕನಿಷ್ಠ ಮಿತಿ. ಇದರ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಾಮಾನ್ಯವಾಗಿ ಒತ್ತಡ 22 ಮೀಟರ್ ದಾಟದಂತೆ ವಿತರಣಾ ಜಾಲವನ್ನು ಯೋಜಿಸಬೇಕು ಎಂದು ಆ ಆವೃತ್ತಿ ಹೇಳಿತ್ತು. ಅಂದರೆ 7 ಮತ್ತು 22ರ ನಡುವಿನ ಹದಿನೈದು ಮೀಟರಿನಲ್ಲಿ ಇಡೀ ಊರಿನ ಪ್ರತಿ ನಲ್ಲಿಯೂ ಕೂರಬೇಕು. ನೆಲ ಸಪಾಟಾಗಿರುವ ಊರಿನಲ್ಲಿ ಇದು ಕಷ್ಟವಲ್ಲ. ನಮ್ಮ ಊರು ಸಪಾಟಾಗಿಲ್ಲ.

ಬೆಂಗಳೂರಿನ ನಡುವೆ, ಉತ್ತರದಿಂದ ದಕ್ಷಿಣಕ್ಕೆ ಒಂದು ಏಣು, ಅಂದರೆ ಎತ್ತರದ ನೆಲದ ಉದ್ದ ಸಾಲು, ಹಾದುಹೋಗಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಒಂದೇ ರಸ್ತೆಯ ಎರಡು ಬದಿಯ ಚರಂಡಿಗಳು ಎರಡು ಬೇರೆ ನದಿಗಳಿಗೆ ಹೋಗುವ ಊರು ಇದು. ಏಣಿನ ಮೇಲೆ ನೆಲ ಸಮುದ್ರಮಟ್ಟದಿಂದ 920 ಮೀಟರಿಗೂ ಎತ್ತರದಲ್ಲಿದೆ. ಬೆಳ್ಳಂದೂರು ಕೆರೆಯ ಕಡೆಗೆ ಇಳಿಯುವಷ್ಟರಲ್ಲಿ ಐವತ್ತು ಮೀಟರಿನಷ್ಟಾದರೂ ಕೆಳಗೆ ಬಂದಿರುತ್ತೇವೆ. ಕಾರಿನಲ್ಲಿ ಹೋಗುವವರಿಗೆ ಇದು ಗೊತ್ತೇ ಆಗುವುದಿಲ್ಲ, ಸೈಕಲ್ ತುಳಿಯುವವರಿಗೆ ಚೆನ್ನಾಗಿ ಗೊತ್ತು. ಐವತ್ತು ಮೀಟರ್ ಎಂದರೆ ಐದು ಕೆಜಿ. ಏಣಿನ ಮೇಲಿನ ಮನೆಗೆ ತಕ್ಕಷ್ಟು ಒತ್ತಡವಿರುವ ಕೊಳವೆಯನ್ನು ತಡೆಯಿಲ್ಲದೆ ಕಣಿವೆಯವರೆಗೆ ಎಳೆದರೆ, ಅಲ್ಲಿನ ಮನೆಗೆ ಅದರ ಮೇಲೆ ಇನ್ನೂ ಐದು ಕೆಜಿ ಬೀಳುತ್ತದೆ.

ಈ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳೋಣ. 1890ರ ದಶಕದಲ್ಲಿ ಹೆಸರಘಟ್ಟದಿಂದ ಮೊದಲ ಕೊಳವೆ ನೀರು ಬಂದಾಗ ಎಂಜಿನಿಯರುಗಳು ಮಾಡಿದ ಉಪಾಯ ಇದು: ಕೆರೆಯಿಂದ ಸೋಲದೇವನಹಳ್ಳಿಯವರೆಗೆ ಇಳಿಜಾರಿನ ಕಾಲುವೆ, ಅಲ್ಲಿ ಪಂಪು ಹಾಕಿ ಚಿಮಣಿ ಹಿಲ್ಸ್‌ಗೆ ಏರಿಸುವುದು, ಗುಡ್ಡದ ಮೇಲಿಂದ ಮತ್ತೆ ಇಳಿಜಾರಿನಲ್ಲೇ ಮಲ್ಲೇಶ್ವರಕ್ಕೆ ತರುವುದು. ಒಮ್ಮೆ ಎತ್ತರಕ್ಕೆ ಏರಿಸಿ, ಉಳಿದದ್ದನ್ನು ಭೂಮಿಗೆ ಬಿಟ್ಟುಬಿಡುವ ಈ ಪದ್ಧತಿ ಇವತ್ತಿಗೂ ಹಾಗೆಯೇ ಇದೆ. ಬದಲಾಗಿರುವುದು ಏರಿಕೆಯ ಪ್ರಮಾಣ. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಬಂದಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು. ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರನ್ನು ಅಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಒಮ್ಮೆ ಪಂಪ್ ಮಾಡಿ, ನೂರು ಕಿಲೋಮೀಟರಿನ ಆಸುಪಾಸಿನ ದಾರಿಯಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ತರುತ್ತಾರೆ. ಒಂದೇ ಏಟಿಗೆ ಐನೂರು ಮೀಟರ್ ಎತ್ತಬೇಕೆಂದರೆ ಮೊದಲ ಪಂಪಿನ ಬಳಿ ಕೊಳವೆಯ ಮೇಲೆ ಐವತ್ತು ಕೆಜಿಗೂ ಮೀರಿದ ಒತ್ತಡ ಬೀಳುತ್ತದೆ. ಮೂರು ಮೆಟ್ಟಿಲು ಮಾಡಿದ್ದು ಅದನ್ನು ತಪ್ಪಿಸಲು.

ಸಾವಿರ ಲೀಟರನ್ನು ಐನೂರು ಮೀಟರ್ ಎತ್ತಲು, ಪಂಪು ನೂರಕ್ಕೆ ನೂರು ದಕ್ಷವಾಗಿದ್ದರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಸೇರಿದರೆ ಎರಡು ಯೂನಿಟ್ಟಿನ ಹತ್ತಿರ ಹೋಗುತ್ತದೆ. ಈ ಅಂಕಿಯನ್ನು ತಲೆಯಲ್ಲಿಟ್ಟುಕೊಳ್ಳಿ, ಸೋರಿಕೆಯ ಮಾತು ಬಂದಾಗ ಬೇಕಾಗುತ್ತದೆ.

ಊರಿಗೆ ಬಂದ ನೀರು ದೊಡ್ಡ ಜಲಾಗಾರಗಳಲ್ಲಿ ನಿಲ್ಲುತ್ತದೆ. ಕೆಲವು ನೆಲಮಟ್ಟದಲ್ಲಿ, ಕೆಲವು ಕಂಬಗಳ ಮೇಲೆ. ಎತ್ತರದ ದಿಣ್ಣೆ ಸಿಕ್ಕಿದ ಕಡೆ ನೆಲಮಟ್ಟದ ಜಲಾಗಾರವೇ ಓವರ್‌ಹೆಡ್ ಟ್ಯಾಂಕಿನ ಕೆಲಸ ಮಾಡುತ್ತದೆ. ಅದಕ್ಕೇ ಹಳೆಯ ಜಲಾಗಾರಗಳೆಲ್ಲ ಊರಿನ ಎತ್ತರದ ಜಾಗಗಳನ್ನು ಹಿಡಿದುಕೊಂಡು ಕೂತಿವೆ, ಈಗ ಅವುಗಳ ಸುತ್ತಲಿನ ನಿವೇಶನಗಳಿಗೆ ಕೋಟಿಗಟ್ಟಲೆ ಬೆಲೆ. ಒಂದೊಂದು ಜಲಾಗಾರಕ್ಕೂ ಒಂದೊಂದು ವಲಯ. ಊರಿನ ಎರಡು ಭಾಗಗಳ ನಡುವೆ ಸರಾಸರಿ 15ರಿಂದ 25 ಮೀಟರ್ ಎತ್ತರದ ಅಂತರವಿದ್ದರೆ ಎರಡಕ್ಕೂ ಪ್ರತ್ಯೇಕ ವ್ಯವಸ್ಥೆ ಇರಬೇಕೆಂದು 1999ರ ಆ ಕೈಪಿಡಿಯೇ ಹೇಳಿತ್ತು. ವಲಯದ ಗಡಿಯನ್ನು ಎಳೆಯಬೇಕಾದ್ದು ಸಮಾನ ಎತ್ತರದ ರೇಖೆಗಳನ್ನು ನೋಡಿ. ನಮ್ಮಲ್ಲಿ ಅದು ವಾರ್ಡಿನ ಗಡಿಯನ್ನೋ, ಮುಖ್ಯರಸ್ತೆಯನ್ನೋ, ಕೆಲವೊಮ್ಮೆ ಶಾಸಕರ ಆಸಕ್ತಿಯನ್ನೋ ಅನುಸರಿಸಿ ಓಡುವುದುಂಟು. ನೀರಿಗೆ ವಾರ್ಡಿನ ಸಂಖ್ಯೆ ಗೊತ್ತಿಲ್ಲ.

ಈಗ ನಿಮ್ಮ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಲೆಕ್ಕಕ್ಕೆಂದು ಒಂದು ಜಲಾಗಾರವನ್ನು ಊಹಿಸಿಕೊಳ್ಳಿ, ಅದರ ನೀರಿನ ಮಟ್ಟ 935 ಮೀಟರ್. ಅದರಿಂದ ಹೊರಟ ಒಂದೇ ಕೊಳವೆ ಎರಡು ಬೀದಿಗಳಿಗೆ ನೀರು ಕೊಡುತ್ತದೆ. ಏರಿನ ಬೀದಿಯ ನೆಲ 915ರಲ್ಲಿದೆ, ತಗ್ಗಿನ ಬೀದಿಯದು 890ರಲ್ಲಿ. ಯಾರೂ ನಲ್ಲಿ ತೆರೆಯದಿದ್ದಾಗ ಏರಿನವರ ಒತ್ತಡ 20 ಮೀಟರ್, ತಗ್ಗಿನವರದು 45. ಏರಿನವರಿಗೂ ಬೇಕಾದಷ್ಟಿದೆ, ಕಾಗದದ ಮೇಲೆ ಯೋಜನೆ ಪಾಸಾಯಿತು. ಬೆಳಗ್ಗೆ ಆರಕ್ಕೆ ನೀರು ಬಿಟ್ಟರು. ತಗ್ಗಿನ ಬೀದಿಯ ಮನೆಮನೆಯ ಸಂಪುಗಳು ಬಾಯಿ ತೆರೆದುಕೊಂಡು ಕಾದಿವೆ. ನೀರು ಅಲ್ಲಿಗೆ ಭರದಿಂದ ಹರಿಯುತ್ತದೆ. ಆ ವೇಗಕ್ಕೆ ಮುಖ್ಯ ಕೊಳವೆಯಲ್ಲಿ ಘರ್ಷಣೆಯಿಂದ 15 ಮೀಟರ್ ಒತ್ತಡ ಕಳೆದುಹೋಗುತ್ತದೆ ಎಂದುಕೊಳ್ಳಿ. ಈಗ ಏರಿನ ಬೀದಿಗೆ ಉಳಿದದ್ದು 5, ತಗ್ಗಿನ ಬೀದಿಗೆ 30. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುವುದರಿಂದ, ಕೆಳಗಿನ ಸಂಪಿಗೆ ಮೇಲಿನದಕ್ಕಿಂತ ಸುಮಾರು ಎರಡೂವರೆ ಪಟ್ಟು ವೇಗದಲ್ಲಿ ನೀರು ಬೀಳುತ್ತದೆ. ಕೆಳಗಿನದು ಒಂದು ಗಂಟೆಯಲ್ಲಿ ತುಂಬಿದರೆ ಮೇಲಿನದಕ್ಕೆ ಎರಡೂವರೆ ಗಂಟೆ ಬೇಕು. ನೀರು ಬಿಡುವುದು ಎರಡು ಗಂಟೆ. ಕೆಳಗಿನ ಸಂಪಿಗೆ, ತುಂಬಿದೊಡನೆ ತಾನಾಗಿ ಮುಚ್ಚುವ ಫ್ಲೋಟ್ ವಾಲ್ವ್ ಇಲ್ಲದಿದ್ದರೆ ಎರಡನೆಯ ಗಂಟೆಯ ನೀರು ಚರಂಡಿಗೆ. ಏರಿನವರು ಅದನ್ನು ನೋಡಿ ಅರ್ಜಿ ಬರೆಯುತ್ತಾರೆ: ಒತ್ತಡ ಹೆಚ್ಚಿಸಿ.

ಹೆಚ್ಚಿಸಿದರೆ ಏನಾಗುತ್ತದೆ? ಜಲಾಗಾರದ ಬಳಿ ಪಂಪು ಕೂರಿಸಿ ಹತ್ತು ಮೀಟರ್ ಸೇರಿಸಿದರೂ, ಆ ಹತ್ತರ ಹೆಚ್ಚಿನ ಭಾಗ ತಗ್ಗಿನ ಬೀದಿಯ ಹರಿವನ್ನು ಇನ್ನಷ್ಟು ಏರಿಸುವುದಕ್ಕೇ ಹೋಗುತ್ತದೆ. ಅದೇ ತಗ್ಗಿನ ಬೀದಿಯ ಬಾಯಲ್ಲಿ ಒಂದು ವಾಲ್ವ್ ಹಾಕಿ ಒತ್ತಡವನ್ನು 20ಕ್ಕೆ ಇಳಿಸಿ. ಅಲ್ಲಿಗೆ ಹರಿವು ತಗ್ಗಿತು, ಮುಖ್ಯ ಕೊಳವೆಯ ಘರ್ಷಣೆ ತಗ್ಗಿತು, ಆ ಉಳಿತಾಯವಷ್ಟೂ ಏರಿನ ಬೀದಿಯ ಲೆಕ್ಕಕ್ಕೆ ಜಮಾ ಆಯಿತು. ಒಂದು ಯೂನಿಟ್ ವಿದ್ಯುತ್ತೂ ಖರ್ಚಾಗಲಿಲ್ಲ. ತಗ್ಗಿನವರ ಸಂಪು ಒಂದು ಗಂಟೆಯ ಬದಲು ಒಂದೂಕಾಲು ಗಂಟೆಯಲ್ಲಿ ತುಂಬುತ್ತದೆ, ಅಷ್ಟೇ.

ಘರ್ಷಣೆಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ, ಏಕೆಂದರೆ ಇಡೀ ದೇಶದ ನೀರಿನ ಕಷ್ಟದ ಒಂದು ದೊಡ್ಡ ಪಾಲು ಇಲ್ಲಿದೆ. ಕೊಳವೆಯಲ್ಲಿ ಹರಿವು ಎರಡು ಪಟ್ಟಾದರೆ ಘರ್ಷಣೆಯ ನಷ್ಟ ಎರಡು ಪಟ್ಟಲ್ಲ, ಮೂರೂವರೆ ಪಟ್ಟಿಗೂ ಹೆಚ್ಚು. ಇಪ್ಪತ್ತನಾಲ್ಕು ಗಂಟೆಯಲ್ಲಿ ನಿಧಾನವಾಗಿ ಹರಿಯಬಹುದಾಗಿದ್ದ ನೀರನ್ನು ನಾವು ಎರಡು ಗಂಟೆಯಲ್ಲಿ ಹರಿಸುತ್ತೇವೆ. ಹರಿವು ಸರಾಸರಿಯ ಹನ್ನೆರಡು ಪಟ್ಟು, ನಷ್ಟ ಹೆಚ್ಚುಕಡಿಮೆ ನೂರು ಪಟ್ಟು. ಇದು ಉತ್ಪ್ರೇಕ್ಷೆಯಲ್ಲವೇ ಎಂದು ನೀವು ಕೇಳಬಹುದು. ದಿನವಿಡೀ ನೀರು ಬರುವ ಊರಿನಲ್ಲೂ ಬೆಳಗಿನ ಹೊತ್ತು ಬಳಕೆ ಸರಾಸರಿಯ ಎರಡೂವರೆ ಪಟ್ಟು ಏರುತ್ತದೆ ಎಂದು ಹಿಡಿದು, ಆ ಗಂಟೆಯ ಜೊತೆಗೆ ಹೋಲಿಸೋಣ. ಆಗಲೂ ನಮ್ಮ ಎರಡು ಗಂಟೆಯ ಪದ್ಧತಿಯಲ್ಲಿ ನಷ್ಟ ಹದಿನೆಂಟು ಪಟ್ಟು ಬರುತ್ತದೆ. ಅದೇ ಕೊಳವೆ, ಅದೇ ನೀರು. ಏರಿನ ಬೀದಿ ಒಣಗುವುದಕ್ಕೆ ಎತ್ತರದಷ್ಟೇ ಈ ಅವಸರವೂ ಕಾರಣ.

ಇಂಥ ಜಾಲದಲ್ಲಿ ಒತ್ತಡವನ್ನು ನಿಜವಾಗಿ ನಿಭಾಯಿಸುತ್ತಿರುವವನು ವಾಲ್ವ್‌ಮನ್. ಹಳ್ಳಿಗಳಲ್ಲಿ ನೀರುಗಂಟಿ ಎನ್ನುತ್ತಾರೆ. ಅವನ ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಕೀಲಿ ಇರುತ್ತದೆ, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕ ಬಾಯಿ. ರಸ್ತೆಯ ಚೇಂಬರಿನ ಮುಚ್ಚಳ ಎತ್ತಿ, ಕೆಸರಿನೊಳಗೆ ಕೀಲಿಯ ಬಾಯನ್ನು ತಡವಿ ವಾಲ್ವಿನ ತಲೆಗೆ ಕೂರಿಸಿ ತಿರುಗಿಸುತ್ತಾನೆ. ಅವನನ್ನು ಹತ್ತಿರ ನಿಂತು ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಪೂರ್ತಿ ತೆರೆದ ವಾಲ್ವನ್ನು ಅರ್ಧದವರೆಗೆ ಮುಚ್ಚುವಾಗ ಅವನು ಬೇಗ ಬೇಗ ತಿರುಗಿಸುತ್ತಾನೆ, ಹರಿವಿನಲ್ಲಿ ಆಗ ದೊಡ್ಡ ಬದಲಾವಣೆ ಆಗುವುದೇ ಇಲ್ಲ. ಕೊನೆಯ ನಾಲ್ಕೈದು ಸುತ್ತುಗಳಲ್ಲಿ ನಿಧಾನಿಸುತ್ತಾನೆ, ನಿಲ್ಲಿಸುತ್ತಾನೆ, ಹಿಡಿಗೆ ಕಿವಿ ಹಚ್ಚುತ್ತಾನೆ. ಕೊಳವೆಯಲ್ಲಿ ನುಗ್ಗುವ ನೀರಿನ ಸದ್ದು ಕಬ್ಬಿಣದ ಮೂಲಕ ಮೇಲಕ್ಕೆ ಬರುತ್ತದೆ. ಸದ್ದು ತನಗೆ ಬೇಕಾದ ಹದಕ್ಕೆ ಬಂದಾಗ ಕೀಲಿ ತೆಗೆದುಕೊಂಡು ಮುಂದಿನ ಚೇಂಬರಿಗೆ ಹೋಗುತ್ತಾನೆ. ಯಾವ ಬೀದಿಗೆ ಎಷ್ಟು ಸುತ್ತು ಎಂಬುದು ಯಾವ ನಕಾಶೆಯಲ್ಲೂ ಇಲ್ಲ, ಅವನ ತಲೆಯಲ್ಲಿದೆ. ಅವನು ನಿವೃತ್ತನಾದ ತಿಂಗಳು ಒಂದಿಡೀ ಬಡಾವಣೆಯ ನೀರು ಕೆಡುವುದನ್ನು ನೋಡಿದ್ದೇನೆ. ಗುತ್ತಿಗೆಯ ಮೇಲೆ ದುಡಿಯುವ ಇಂಥ ಜ್ಞಾನಿಗಳಿಗೆ ನಾವು ಕೊಡುವ ಸಂಬಳದ ವಿಷಯ ಎತ್ತಿದರೆ ಉಪನ್ಯಾಸದ ದಿಕ್ಕು ತಪ್ಪುತ್ತದೆ, ಬಿಡಿ.

ಆದರೆ ಅವನು ಒಮ್ಮೆ ಹದ ಮಾಡಿಟ್ಟ ವಾಲ್ವ್ ಹಗಲಿಗೂ ರಾತ್ರಿಗೂ ಒಂದೇ. ಬಳಕೆ ಬದಲಾದಂತೆ ಒತ್ತಡವೂ ಬದಲಾಗುತ್ತದೆ. ಈ ಕೆಲಸಕ್ಕೆಂದೇ ಒತ್ತಡ ಇಳಿಸುವ ವಾಲ್ವ್ ಬಂದಿದೆ, ಎಂಜಿನಿಯರುಗಳು ಪಿಆರ್‌ವಿ ಎನ್ನುತ್ತಾರೆ. ವಾಲ್ವಿನ ಮೇಲ್ಭಾಗದಲ್ಲಿ ರಬ್ಬರಿನ ಒಂದು ಪದರವಿದೆ, ಅದರ ಮೇಲೆ ಒಂದು ಸಣ್ಣ ಕೋಣೆ. ಮೇಲಿನಿಂದ ಬರುವ ನೀರಿನ ಒಂದು ಎಳೆ ಆ ಕೋಣೆಗೆ ಹೋಗುತ್ತದೆ. ಕೋಣೆಯಲ್ಲಿ ನೀರು ತುಂಬಿದರೆ ಪದರ ಕೆಳಗೆ ಒತ್ತಿ ವಾಲ್ವ್ ಮುಚ್ಚಿಕೊಳ್ಳುತ್ತದೆ, ಕೋಣೆ ಖಾಲಿಯಾದರೆ ತೆರೆದುಕೊಳ್ಳುತ್ತದೆ. ತುಂಬಿಸಬೇಕೋ ಖಾಲಿ ಮಾಡಬೇಕೋ ಎಂದು ತೀರ್ಮಾನಿಸುವುದು ಪಕ್ಕದಲ್ಲಿರುವ ಅಂಗೈಯಗಲದ ಇನ್ನೊಂದು ಮರಿ ವಾಲ್ವ್. ಅದರೊಳಗೆ ಒಂದು ಸ್ಪ್ರಿಂಗ್, ಮೇಲೆ ಒಂದು ತಿರುಪು. ತಿರುಪನ್ನು ಎರಡು ಕೆಜಿಗೆ ಹೊಂದಿಸಿಟ್ಟರೆ, ಕೆಳಗಿನ ಬೀದಿಯ ಒತ್ತಡ ಎರಡು ಕೆಜಿ ದಾಟಿದ ಕ್ಷಣ ಸ್ಪ್ರಿಂಗ್ ಸೋತು ಮರಿ ವಾಲ್ವ್ ಮುಚ್ಚುತ್ತದೆ, ಕೋಣೆ ತುಂಬುತ್ತದೆ, ದೊಡ್ಡ ವಾಲ್ವ್ ಬಿಗಿಯಾಗುತ್ತದೆ. ವಿದ್ಯುತ್ ಬೇಡ, ಇಂಟರ್‌ನೆಟ್ ಬೇಡ. ಒಳಬರುವ ಒತ್ತಡ ಮೂರಿರಲಿ ಆರಿರಲಿ, ಹೊರಹೋಗುವುದು ಎರಡೇ.

ಬೇಕಾಗುವುದು ಒಂದೇ, ಅದರ ಮೊದಲಿನ ಜಾಲರಿಯನ್ನು ಆಗಾಗ ತೊಳೆಯುವುದು. ಅಲ್ಲೇ ನಾವು ಸೋಲುತ್ತೇವೆ. ಒಂದು ಊರಿನಲ್ಲಿ ಪಿಆರ್‌ವಿ ಚೇಂಬರ್ ತೆರೆಸಿ ನೋಡಿದೆ. ವಾಲ್ವ್ ಹೊಸದರಂತೆ ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಅದರ ಎರಡು ಬದಿಯ ಗೇಜುಗಳ ಮುಳ್ಳುಗಳು ಒಂದೇ ಅಂಕಿಯ ಮೇಲೆ ನಿಂತಿದ್ದವು. ಜಾಲರಿ ಕಟ್ಟಿಕೊಂಡು ನೀರು ಸಣ್ಣಗಾದಾಗ ದೂರು ಬಂದಿದೆ. ಯಾರೋ ಬಂದು, ವಾಲ್ವನ್ನು ಸುತ್ತಿಕೊಂಡು ಹೋಗುವ ಪಕ್ಕದ ಬೈಪಾಸ್ ಕೊಳವೆಯನ್ನು ಪೂರ್ತಿ ತೆರೆದು ಹೋಗಿದ್ದಾರೆ. ಅಂದಿನಿಂದ ಆ ವಾಲ್ವ್ ಬರೀ ಪ್ರದರ್ಶನಕ್ಕೆ ಇತ್ತು.

ರಾತ್ರಿಯ ಮಾತು ಈಗ. ಹಗಲಿನಲ್ಲಿ ಘರ್ಷಣೆ ತಿಂದುಹಾಕುತ್ತಿದ್ದ ಒತ್ತಡ, ಎಲ್ಲರೂ ನಲ್ಲಿ ಮುಚ್ಚಿ ಮಲಗಿದ ಮೇಲೆ ಪೂರ್ತಿ ಕೊಳವೆಗೆ ಬರುತ್ತದೆ. ದಿನವಿಡೀ ನೀರಿರುವ ಜಾಲದಲ್ಲಿ ತಗ್ಗಿನ ಬೀದಿಯ ಕೊಳವೆ ಅತಿ ಹೆಚ್ಚು ಒತ್ತಡ ಅನುಭವಿಸುವುದು ನಡುರಾತ್ರಿ ಎರಡು ಗಂಟೆಗೆ, ಯಾರಿಗೂ ನೀರು ಬೇಡದಿದ್ದಾಗ. ಹಳೆಯ ಜೋಡಣೆಗಳು ಬಿಡುವುದು ಆಗಲೇ. ಸೋರಿಕೆಯೂ ಒತ್ತಡದ ಜೊತೆ ಏರುತ್ತದೆ. ಕಬ್ಬಿಣದ ಕೊಳವೆಯ ಗುಂಡು ತೂತಿನಲ್ಲಿ ವರ್ಗಮೂಲದ ಲೆಕ್ಕ. ಪ್ಲಾಸ್ಟಿಕ್ ಕೊಳವೆಯ ಉದ್ದ ಬಿರುಕಾದರೆ ಒತ್ತಡಕ್ಕೆ ಬಿರುಕೇ ಬಾಯಿ ಬಿಡುವುದರಿಂದ ಅದಕ್ಕಿಂತ ಬಹಳ ಹೆಚ್ಚು. ಇಡೀ ಜಾಲಕ್ಕೆ ಒಟ್ಟಾರೆಯಾಗಿ, ಒತ್ತಡ ಅರ್ಧವಾದರೆ ಸೋರಿಕೆಯೂ ಸುಮಾರು ಅರ್ಧವಾಗುತ್ತದೆ ಎಂದು ಎಣಿಸುತ್ತಾರೆ. ಒಂದು ತೂತನ್ನೂ ಹುಡುಕದೆ, ಒಂದು ರಸ್ತೆಯನ್ನೂ ಅಗೆಯದೆ. ಹಾಗೆ ಉಳಿಯುವ ಪ್ರತಿ ಸಾವಿರ ಲೀಟರಿನ ಹಿಂದೆ ಆಗಲೇ ಹೇಳಿದ ಆ ಎರಡು ಯೂನಿಟ್ಟುಗಳಿವೆ. ಐನೂರು ಮೀಟರ್ ಎತ್ತಿ ತಂದದ್ದನ್ನು ಕಣಿವೆಯ ಮಣ್ಣಿಗೆ ಸುರಿಯುವಷ್ಟು ಶ್ರೀಮಂತರು ನಾವಲ್ಲ.

ಒತ್ತಡ ಇಳಿಸುವುದು ಹೊಸ ಕಾಲದ ಉಪಾಯವೇನೂ ಅಲ್ಲ. ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ನೋಡಿ ಬರುತ್ತಾರೆ. ಅದೇ ಊರಿನಲ್ಲಿ ಅಲ್ಲಲ್ಲಿ ಒಂಟಿಯಾಗಿ ನಿಂತ ಚೌಕಾಕಾರದ ಕಲ್ಲಿನ ಗೋಪುರಗಳಿವೆ, ಗಂಜ್ ಎನ್ನುತ್ತಾರೆ. ಏಳೆಂಟು ಮೀಟರಿನಿಂದ ಹನ್ನೆರಡು ಮೀಟರಿನವರೆಗೆ ಎತ್ತರ. ಕಾವಲು ಗೋಪುರಗಳೆಂದು ತಿಳಿದು ಮುಂದೆ ಹೋಗುವವರೇ ಹೆಚ್ಚು. ಆದಿಲ್‌ಶಾಹಿಗಳು ಪಶ್ಚಿಮದ ತೊರವಿಯ ಕಡೆಯಿಂದಲೂ, 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ದಕ್ಷಿಣದ ಬೇಗಂ ತಲಾಬ್ ಕೆರೆಯಿಂದಲೂ ಊರಿಗೆ ನೀರು ತಂದರು. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ, ಸುತ್ತ ಗಾರೆ ಕಟ್ಟಿ, ನೆಲದಾಳದಲ್ಲಿ ಹೂತಿದ್ದರು. ಮಣ್ಣಿನ ಕೊಳವೆ ಎಷ್ಟು ಒತ್ತಡ ತಡೆದೀತು? ಅದಕ್ಕೇ ದಾರಿಯಲ್ಲಿ ಈ ಗೋಪುರಗಳು. ನೀರು ಗೋಪುರದೊಳಗೆ ಏರಿ, ಅಲ್ಲಿ ಒತ್ತಡ ಕಳೆದುಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದಿನ ಕೊಳವೆಗೆ ಇಳಿಯುತ್ತದೆ. ಇಡೀ ದಾರಿಯ ಒತ್ತಡ ಒಂದೇ ಕಡೆ ಕೂಡಿಕೊಳ್ಳದಂತೆ ತುಂಡು ತುಂಡು ಮಾಡಿದ ಹಾಗೆ. ಈಗಿನ ಕೊಳವೆ ಮಾರ್ಗಗಳಲ್ಲಿ ಒತ್ತಡ ಮುರಿಯುವ ತೊಟ್ಟಿಗಳು ಮಾಡುವುದೂ ಇದನ್ನೇ. ಮಣ್ಣಿನ ಕೊಳವೆಯ ಮಿತಿಯನ್ನು ಅರಿತವರು ಕಟ್ಟಿದ್ದು ಅದು. ಬೀದಿ ಬೀದಿಯಲ್ಲಿ ಗಟ್ಟಿ ಕೊಳವೆ ಸಿಗಲು ಶುರುವಾದ ಮೇಲೆ ನಾವು ಆ ಎಚ್ಚರ ಕಳೆದುಕೊಂಡೆವೇನೋ ಎಂದು ಅನುಮಾನ ಬರುತ್ತದೆ.

ಒತ್ತಡದ ಇನ್ನೊಂದು ಮುಖವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವಾಷಿಂಗ್ ಮೆಷಿನ್ ಥಟ್ಟನೆ ನೀರು ನಿಲ್ಲಿಸಿದಾಗ ಗೋಡೆಯೊಳಗಿನ ಪೈಪು ಟಕ್ ಎನ್ನುವುದನ್ನು ಕೇಳಿದ್ದೀರಿ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹೋಗುತ್ತಿರುವ ನೀರನ್ನು ಉಕ್ಕಿನ ಕೊಳವೆಯಲ್ಲಿ ಒಮ್ಮೆಲೇ ತಡೆದರೆ ಸುಮಾರು ನೂರು ಮೀಟರ್, ಅಂದರೆ ಹತ್ತು ಕೆಜಿ, ಹೆಚ್ಚುವರಿ ಒತ್ತಡ ಹುಟ್ಟುತ್ತದೆ. 1890ರ ದಶಕದ ಕೊನೆಯಲ್ಲಿ ಮಾಸ್ಕೋದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ಇದರ ಸೂತ್ರ ಕೊಟ್ಟವನು ನಿಕೊಲಾಯ್ ಝುಕೋವ್‌ಸ್ಕಿ. ಪಂಪಿಂಗ್ ಸ್ಟೇಷನ್ನಿನಲ್ಲಿ ವಿದ್ಯುತ್ ಹೋಗಿ ಪಂಪುಗಳು ಒಟ್ಟಿಗೆ ನಿಂತಾಗ ಕಿಲೋಮೀಟರುಗಟ್ಟಲೆ ನೀರಿನ ಕಂಬ ಮುಂದೆ ಹೋಗಿ, ನಿಂತು, ಹಿಂದಕ್ಕೆ ಬರುತ್ತದೆ. ಆ ಪೆಟ್ಟನ್ನು ನುಂಗಲೆಂದೇ ಪಂಪ್‌ಹೌಸಿನ ಪಕ್ಕದಲ್ಲಿ ಗಾಳಿ ತುಂಬಿದ ದೊಡ್ಡ ಉಕ್ಕಿನ ಪಾತ್ರೆಗಳು, ದಾರಿಯ ದಿಣ್ಣೆಗಳಲ್ಲಿ ಏರ್ ವಾಲ್ವುಗಳು ಇರುತ್ತವೆ. ಊರಾಚೆ ಕೊಳವೆ ಮಾರ್ಗದ ಏರ್ ವಾಲ್ವ್ ಒಡೆದು ನೀರು ಹಿಡಿದುಕೊಳ್ಳುವವರಿಗೆ, ಅವರ ಕಷ್ಟ ನಿಜವೇ ಆದರೂ, ತಾವು ಏನನ್ನು ಒಡೆದೆವು ಎಂದು ಗೊತ್ತಿರುವುದಿಲ್ಲ.

ಈಗ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: ‘ಏರಿನ ಮನೆಯವರು ಬೀದಿ ಕೊಳವೆಗೇ ಮೋಟಾರ್ ಹಾಕಿಕೊಂಡರೆ ತಪ್ಪೇನು? ನೀರು ಬರದಿದ್ದರೆ ಇನ್ನೇನು ಮಾಡುವುದು?’

ಸಿಟ್ಟು ಅರ್ಥವಾಗುತ್ತದೆ. ಆದರೆ ಮೋಟಾರ್ ಕೊಳವೆಯೊಳಗಿನ ಒತ್ತಡವನ್ನು ಸೊನ್ನೆಗಿಂತ ಕೆಳಗೆ ಇಳಿಸಬಲ್ಲದು. ಆಗ ಇಷ್ಟು ಹೊತ್ತು ನೀರು ಹೊರಗೆ ಸೋರುತ್ತಿದ್ದ ಬಿರುಕಿನಲ್ಲಿ ಹೊರಗಿನದು ಒಳಗೆ ಬರುತ್ತದೆ, ಪಕ್ಕದಲ್ಲಿ ಒಳಚರಂಡಿ ಇದ್ದರೆ ಅದೂ ಬರುತ್ತದೆ. ನಿಯಮ ಇದನ್ನು ನಿಷೇಧಿಸಿರುವುದು ಅದಕ್ಕೆ. ಸರದಿಯ ಮೇಲೆ ನೀರು ಬಿಡುವ ಊರಿನಲ್ಲಿ ಮೋಟಾರ್ ಇಲ್ಲದೆಯೂ, ನೀರು ನಿಂತ ಹೊತ್ತಿನಲ್ಲಿ ಹೀಗಾಗುವ ಅಪಾಯವಿದೆ. 2008ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಕೊಡುವ ಪ್ರಾಯೋಗಿಕ ವಲಯಗಳನ್ನು ಮಾಡಿದರು. ಆ ನಂತರ ಹುಬ್ಬಳ್ಳಿ–ಧಾರವಾಡದಲ್ಲಿ ಎರಡೂ ಬಗೆಯ ವಾರ್ಡುಗಳ ನಲ್ಲಿ ನೀರನ್ನು ಪರೀಕ್ಷಿಸಿದಾಗ, ಸದಾ ಒತ್ತಡವಿರುವ ಕಡೆ ಮಲಿನವಾದ ಮಾದರಿಗಳು ಬಹಳ ಕಡಿಮೆ ಸಿಕ್ಕಿದವು. ಒತ್ತಡ ಅತಿಯಾಗಬಾರದು ಎಂದು ಇಷ್ಟು ಹೊತ್ತು ಹೇಳಿದೆ, ಸೊನ್ನೆಯಂತೂ ಆಗಲೇಬಾರದು.

‘ಪಿಆರ್‌ವಿ ಹಾಕಿದರೆ ಸಾಕಲ್ಲ, ನಮ್ಮಲ್ಲಿ ಯಾಕೆ ಎಲ್ಲ ಕಡೆ ಹಾಕುವುದಿಲ್ಲ?’ ಎಂದು ಒಬ್ಬ ಹುಡುಗಿ ಕೇಳಿದಳು. ಎಂಜಿನಿಯರಿಂಗ್ ಓದುತ್ತಿದ್ದಾಳಂತೆ.

ಒಳ್ಳೆಯ ಪ್ರಶ್ನೆ. ದಿನಕ್ಕೆರಡು ಗಂಟೆ ನೀರು ಬರುವ ಕೊಳವೆಯಲ್ಲಿ ಮೊದಲ ಅರ್ಧ ಗಂಟೆ ಗಾಳಿಯೇ ಹೊರಡುತ್ತದೆ, ಜೊತೆಗೆ ತುಕ್ಕು, ಮರಳು. ಮರಿ ವಾಲ್ವಿನ ಸೂಕ್ಷ್ಮ ದಾರಿಗಳು ಅದರಲ್ಲಿ ಕಟ್ಟಿಕೊಳ್ಳುತ್ತವೆ. ಆ ಯಂತ್ರಕ್ಕೆ ಬೇಕಾದದ್ದು ಸದಾ ತುಂಬಿದ ಕೊಳವೆ. ಅದಲ್ಲದೆ, ತಗ್ಗಿನ ಬೀದಿಗೆ ಪಿಆರ್‌ವಿ ಹಾಕಿ, ಪಕ್ಕದ ವಲಯದಿಂದ ಇನ್ನೊಂದು ಕೊಳವೆ ಕದ್ದುಮುಚ್ಚಿ ಅಲ್ಲಿಗೆ ಸೇರಿದ್ದರೆ ಎಲ್ಲವೂ ವ್ಯರ್ಥ. ಹಳೆಯ ಬಡಾವಣೆಗಳಲ್ಲಿ ಇಂಥ ಮರೆತ ಜೋಡಣೆಗಳು ಬೇಕಾದಷ್ಟಿವೆ. ಅವನ್ನು ಹುಡುಕಿ ಗಡಿಯ ವಾಲ್ವುಗಳನ್ನು ಭದ್ರವಾಗಿ ಮುಚ್ಚುವ ಕೆಲಸವೇ ಮುಕ್ಕಾಲು ಪಾಲು. ಉದ್ಘಾಟನೆ ಮಾಡಿ ಫಲಕ ಹಾಕುವಂಥ ಕೆಲಸ ಅದಲ್ಲವಾದ್ದರಿಂದ ಹಣವೂ ಕಷ್ಟದಿಂದ ಸಿಗುತ್ತದೆ.

ಅಪಾರ್ಟ್‌ಮೆಂಟಿನಿಂದ ಬಂದಿದ್ದವರು, ತಮ್ಮ ಮೂವತ್ತು ಅಂತಸ್ತಿನ ಕಟ್ಟಡದಲ್ಲಿ ಕೆಳಗಿನ ಮನೆಗಳ ನಲ್ಲಿಗಳು ಪದೇ ಪದೇ ಹಾಳಾಗುತ್ತವೆ ಎಂದರು. ಮಹಡಿಗೆ ಮೂರು ಮೀಟರ್ ಹಿಡಿದರೂ ತಾರಸಿಯ ಟ್ಯಾಂಕಿನಿಂದ ನೆ‌ಲಮಹಡಿಗೆ ಒಂಬತ್ತು ಕೆಜಿ ಬೀಳುತ್ತದೆ. ಕೆಲವು ಮಹಡಿಗಳಿಗೊಂದರಂತೆ ಒತ್ತಡ ಇಳಿಸುವ ವಾಲ್ವ್ ಇರಲೇಬೇಕು. ಶಾಫ್ಟಿನಲ್ಲಿ ಹುಡುಕಿ, ಇರುತ್ತದೆ. ಅದರ ಜಾಲರಿ ಕೊನೆಯ ಸಲ ತೊಳೆದದ್ದು ಯಾವಾಗ ಎಂದು ನಿರ್ವಹಣೆಯವರನ್ನು ಕೇಳಿ.

ಕೊನೆಗೆ ಸಂಘದ ಕಾರ್ಯದರ್ಶಿಗಳು, ‘ಹಾಗಾದರೆ ನಮ್ಮ ಅರ್ಜಿಯನ್ನು ಹೇಗೆ ಬರೆಯಬೇಕು, ಸಾರ್?’ ಎಂದರು.

ಒಂದು ಪ್ರೆಶರ್ ಗೇಜ್ ಕೊಳ್ಳಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮೀಟರ್ ದಾಟಿದ ಮೇಲೆ, ಸಂಪಿಗೆ ಇಳಿಯುವ ಮೊದಲು ಅದನ್ನು ಕೂರಿಸಿ. ನೀರು ಬಂದ ದಿನ ಏರಿನ ಒಂದು ಮನೆಯಲ್ಲಿ, ತಗ್ಗಿನ ಒಂದು ಮನೆಯಲ್ಲಿ, ಹದಿನೈದು ನಿಮಿಷಕ್ಕೊಮ್ಮೆ ಮುಳ್ಳು ಎಲ್ಲಿದೆ ಎಂದು ಬರೆದುಕೊಳ್ಳಿ. ಓದುವಾಗ ಸಂಪಿನ ವಾಲ್ವ್ ಅರೆಕ್ಷಣ ಮುಚ್ಚಿರಲಿ, ಇಲ್ಲದಿದ್ದರೆ ನಿಮ್ಮ ಮನೆಯ ಹರಿವೇ ಅಂಕಿಯನ್ನು ಕೆಡಿಸುತ್ತದೆ. ನಿಮಗೆ ನೀರು ಕೊಡುವ ಜಲಾಗಾರ ಯಾವುದು, ಅದರ ತಳದ ಮಟ್ಟ ಎಷ್ಟು, ನಿಮ್ಮ ಬೀದಿಯ ನೆಲದ ಮಟ್ಟ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಎರಡೂ ಬೀದಿಯವರು ಸೇರಿ ಸಹಿ ಹಾಕಿ. ‘ಒತ್ತಡ ಹೆಚ್ಚಿಸಿ’ ಎಂಬ ವಾಕ್ಯ ಹೊಡೆದುಹಾಕಿ, ‘ನಮ್ಮ ವಲಯದ ಗಡಿ ವಾಲ್ವುಗಳನ್ನು ಪರಿಶೀಲಿಸಿ, ತಗ್ಗಿನ ಕವಲಿನ ಒತ್ತಡವನ್ನು ಹದಕ್ಕೆ ತನ್ನಿ’ ಎಂದು ಬರೆಯಿರಿ. ಅಂಕಿಗಳ ಪಟ್ಟಿಯನ್ನು ಅದಕ್ಕೆ ಪಿನ್ ಮಾಡಿ. ಅಂಥ ಅರ್ಜಿ ಬಂದರೆ ಯಾವ ಎಂಜಿನಿಯರನಾದರೂ ಅದನ್ನು ಕಡತಕ್ಕೆ ಸೇರಿಸುವ ಮೊದಲು ಒಮ್ಮೆ ನಕಾಶೆ ಬಿಡಿಸಿ ನೋಡುತ್ತಾನೆ. ತಗ್ಗಿನ ಬೀದಿಯವರನ್ನು ಸಹಿಗೆ ಒಪ್ಪಿಸುವುದು ಹೇಗೆ ಎಂಬುದನ್ನು ಮಾತ್ರ ನನ್ನನ್ನು ಕೇಳಬೇಡಿ, ಅದು ಸಂಘದ ಕೆಲಸ.